ಕೆಲಸಗಾರನ ಕೈ ಏಕೆ ನಿಲ್ಲುತ್ತದೆ?

ನಾಲ್ಕು ಮಂದಿ ಯಜಮಾನರು ಒಂದೆಡೆ ಕಲೆತರೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ಸೇರುವುದು ಒಂದೇ ದೂರಿಗೆ: "ಈಗಿನ ಕೆಲಸದವರು ಮೊದಲಿನವರಂತೆ ದುಡಿಯುವುದಿಲ್ಲ." ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ನಾನಂತೂ ಆಡಿದ್ದೇನೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದ ಸಂಗತಿಯನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮಂಗಳೂರಿನ ಪಂಪ್‌ವೆಲ್ ಹಲವು ರಸ್ತೆಗಳು ಕೂಡುವ ಜಾಗ. ಕೇರಳದ ಕಡೆಯಿಂದ ನೇತ್ರಾವತಿ ಸೇತುವೆ ದಾಟಿ ಬರುವ ಹೆದ್ದಾರಿ, ಕಂಕನಾಡಿಯಿಂದ ಬರುವ ಪೇಟೆಯ ರಸ್ತೆ, ಪಡೀಲಿನ ರಸ್ತೆ ಎಲ್ಲವೂ ಅಲ್ಲಿ ಸಂಧಿಸುತ್ತವೆ. ಅಲ್ಲಿನ ಮೇಲ್ಸೇತುವೆಯ ಕೆಲಸ ವರ್ಷಗಟ್ಟಲೆ ಕುಂಟುತ್ತಾ ಸಾಗಿ, ಅಂತೂ 2020ರ ಜನವರಿ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲಿನ ದಿನಗಳಲ್ಲಿ ಬೆಳಗಿನ ಹೊತ್ತು ಆ ವೃತ್ತವನ್ನು ದಾಟುವುದೆಂದರೆ ತಾಳ್ಮೆಯ ಪರೀಕ್ಷೆಯೇ ಆಗಿತ್ತು. ನನ್ನದೊಂದು ಚಿಕ್ಕ ಗ್ಯಾರೇಜು ಅದರ ಸಮೀಪದಲ್ಲೇ ಇತ್ತು. ಕೆಲಸದವರು ಏಳು ಮಂದಿ.

ಅವರಲ್ಲೊಬ್ಬ ಹುಡುಗ ತೊಕ್ಕೊಟ್ಟಿನ ಕಡೆಯಿಂದ ಬರುವವನು. ವಾರದಲ್ಲಿ ಮೂರು ದಿನ ತಡ. ಮೂರನೆಯ ದಿನ ನಾನು ಮಾತಾಡಲಿಲ್ಲ. ಅರ್ಧ ದಿನದ ಸಂಬಳ ಹಿಡಿದೆ. ಹುಡುಗನೂ ಮಾತಾಡಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹಿರಿಯ ಮೇಸ್ತ್ರಿ ಬಂದು ನಿಂತರು.

"ಧಣಿಗಳೇ, ಒಂದು ಮಾತು. ಅವನು ಅರ್ಧ ಗಂಟೆ ತಡವಾಗಿ ಬಂದದ್ದನ್ನು ನೀವು ನೋಡಿದಿರಿ. ಬಂದ ಮೇಲೆ ಒಂದು ಗಂಟೆ ಸುಮ್ಮನೆ ನಿಂತದ್ದನ್ನು ನೋಡಿದಿರಾ?"

"ಏಕೆ ನಿಂತ?"

"ಸಾಮಾನಿನ ಕಪಾಟಿನ ಬೀಗದ ಕೈ ನಿಮ್ಮ ಕಿಸೆಯಲ್ಲಿತ್ತು. ನೀವು ಬ್ಯಾಂಕಿಗೆ ಹೋಗಿದ್ದಿರಿ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅರ್ಧ ಗಂಟೆಗೆ ದಂಡ ಹಾಕಿದವನು ನಾನು. ಒಂದು ಗಂಟೆ ಹಾಳು ಮಾಡಿದವನೂ ನಾನೇ. ಆ ದಂಡವನ್ನು ಯಾರಿಂದ ವಸೂಲು ಮಾಡುವುದು?

ಮರುದಿನ ಒಂದು ನೋಟುಪುಸ್ತಕ ತಂದು ಮೇಸ್ತ್ರಿಗಳ ಕೈಗೆ ಕೊಟ್ಟೆ. ಯಾರ ಹೆಸರೂ ಬರೆಯಬೇಡಿ, ಕೆಲಸ ನಿಂತಾಗಲೆಲ್ಲ ಏಕೆ ನಿಂತಿತು ಎಂಬುದನ್ನಷ್ಟೇ ಬರೆಯಿರಿ, ಎಂದೆ. ಆರು ದಿನ ಬರೆದರು. ಏಳನೆಯ ದಿನ ಓದಿದೆ. ಬಿಡಿಭಾಗ ಬಂದಿಲ್ಲ. ಇರುವ ಒಂದು ಜ್ಯಾಕಿಗಾಗಿ ಇಬ್ಬರು ಕಾದರು. ಗಿರಾಕಿ ಹೇಳಿದ್ದು ಒಂದು, ಚೀಟಿಯಲ್ಲಿ ಬರೆದದ್ದು ಇನ್ನೊಂದು. ಬಿಚ್ಚಿದ್ದನ್ನು ಮತ್ತೆ ಜೋಡಿಸಬೇಕಾಯಿತು. ಯಜಮಾನರು ಈ ಕೆಲಸ ಬಿಡಿಸಿ ಆ ಕೆಲಸಕ್ಕೆ ಹಚ್ಚಿದರು. ಕರೆಂಟು ಹೋಯಿತು. ಹೀಗೆಯೇ ಪುಟದ ಮೇಲೆ ಪುಟ. ಸೋಮಾರಿತನ ಎನ್ನಬಹುದಾದ ಸಾಲುಗಳು ಇರಲಿಲ್ಲವೆಂದಲ್ಲ. ಎರಡೋ ಮೂರೋ ಇದ್ದವು. ಉಳಿದವೆಲ್ಲ ನನ್ನ ಖಾತೆಗೆ ಸೇರಿದವು.

ಉತ್ಪಾದಕತೆ ಎಂಬ ದೊಡ್ಡ ಪದವನ್ನು ನೀವು ಕೇಳಿದ್ದೀರಿ. ಅದರ ಹೆಸರಿನಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಲಿಯೊಂದು 1958ರಲ್ಲೇ ಸ್ಥಾಪನೆಯಾಯಿತು. ಪದ ದೊಡ್ಡದಾದರೂ ಅರ್ಥ ಸರಳ. ಹತ್ತು ಜನ ದುಡಿದಲ್ಲಿ ಇಪ್ಪತ್ತು ಜನರನ್ನಿಟ್ಟು ಎರಡರಷ್ಟು ಮಾಲು ತೆಗೆದರೆ ಹೆಚ್ಚಿದ್ದು ಉತ್ಪಾದನೆ. ಅದೇ ಹತ್ತು ಜನ, ಅದೇ ಹೊತ್ತಿನಲ್ಲಿ, ಮೊದಲಿಗಿಂತ ಹೆಚ್ಚು ಆಯಾಸಪಡದೆ ಹೆಚ್ಚು ಮಾಲು ತೆಗೆದರೆ ಹೆಚ್ಚಿದ್ದು ಉತ್ಪಾದಕತೆ. ಆಯಾಸಪಡದೆ ಎಂಬ ಮಾತನ್ನು ಮರೆಯಬಾರದು. ಅದನ್ನು ಮರೆತರೆ ಉಳಿಯುವುದು ಗಾಣ ಮಾತ್ರ.

ಇದನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಪಂಪ್‌ವೆಲ್‌ಗೆ ಹತ್ತಿರದ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಎಂಬ ಹೆಸರು ದೇಶದ ಆಚೆಗೂ ಹಬ್ಬಿದ್ದು ಆ ಮೇಲೆ. ಹೆಂಚಿನ ಕೆಲಸವನ್ನು ನೋಡಿದವರಿಗೆ ಗೊತ್ತು, ಅದೊಂದು ಸರಪಳಿ. ನದಿದಂಡೆಯ ಜೇಡಿಮಣ್ಣು ಬರಬೇಕು, ಅದು ನೆನೆದು ಹದವಾಗಬೇಕು, ಅರೆದು ಹಲಗೆಯಾಗಬೇಕು, ಅಚ್ಚಿನ ಯಂತ್ರದಲ್ಲಿ ಒತ್ತಬೇಕು, ಅಂಚು ಕತ್ತರಿಸಬೇಕು, ನೆರಳಿನಲ್ಲಿ ಒಣಗಬೇಕು, ಕೊನೆಗೆ ಗೂಡಿನಲ್ಲಿ ಸುಡಬೇಕು. ಅಚ್ಚು ಒತ್ತುವವನು ಎಂಥ ಕಸುಬುದಾರನೇ ಆಗಿರಲಿ, ಹದವಾದ ಮಣ್ಣು ಅವನ ಕೈಗೆ ಬಾರದಿದ್ದರೆ ಅವನೇನು ಒತ್ತಿಯಾನು? ಹಸಿ ಹೆಂಚನ್ನು ಅವಸರದಿಂದ ಗೂಡಿಗೆ ತುಂಬಿದರೆ ಅದು ಒಡೆಯುತ್ತದೆ. ಅದಕ್ಕೆ ಹಾಕಿದ ದುಡಿಮೆಯೆಲ್ಲ ಮಣ್ಣುಪಾಲು. ಅಚ್ಚಿನವನನ್ನು ಗದರಿಸಿ ಮಣ್ಣನ್ನು ಹದ ಮಾಡಲು ಸಾಧ್ಯವಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ನಮ್ಮ ಜಿಲ್ಲೆಯಲ್ಲಿ ಮನೆಯಲ್ಲೇ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ. ಅವರಿಗೆ ಕೂಲಿ ಗಂಟೆಯ ಲೆಕ್ಕದಲ್ಲಲ್ಲ, ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆಯನ್ನು ಮೊದಲೇ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು, ನೂಲು, ಎಲೆ ಮೂರೂ ಕೈಗೆಟಕುವಂತೆ ಮೊರದಲ್ಲಿಟ್ಟುಕೊಂಡು ಕುಳಿತರೆ ಬೆರಳು ನಿಲ್ಲುವುದಿಲ್ಲ. ಯಾವ ಗ್ರಂಥವನ್ನೂ ಓದದೆ ಅವರು ಈ ಶಾಸ್ತ್ರವನ್ನು ಬಲ್ಲರು. ಆದರೆ ಬ್ರಾಂಚಿನಿಂದ ಬಂದ ಎಲೆಯೇ ಕೆಟ್ಟದ್ದಾದರೆ? ಆಗ ಬೆರಳಿನ ಚುರುಕು ಏನೂ ಮಾಡಲಾರದು. ಸಾಮಗ್ರಿ ಒದಗಿಸುವವನ ತಪ್ಪಿಗೆ ಕಟ್ಟುವವಳು ಕೂಲಿ ಕಳೆದುಕೊಳ್ಳುತ್ತಾಳೆ.

ಹೊರದೇಶದವರೂ ಈ ಪ್ರಶ್ನೆಯನ್ನು ಕೆದಕಿ ನೋಡಿದ್ದಾರೆ. ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ಕೆಲವು ವರ್ಷ ಪ್ರಯೋಗಗಳು ನಡೆದವು. ಮೊದಲು ದೀಪದ ಬೆಳಕನ್ನು ಹೆಚ್ಚುಕಡಿಮೆ ಮಾಡಿ ನೋಡಿದರು. ಆಮೇಲೆ ಕೆಲವರು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ನಡುನಡುವೆ ವಿಶ್ರಾಂತಿ ಕೊಟ್ಟು, ಅವರ ಅಭಿಪ್ರಾಯವನ್ನೂ ಕೇಳುತ್ತಾ ಬಂದರು. ಕೆಲಸ ಹೆಚ್ಚಿತು. ಏಕೆ ಹೆಚ್ಚಿತೆಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ವಿಶ್ರಾಂತಿಯೆಂದರು ಕೆಲವರು, ಕೂಲಿಯ ಕ್ರಮ ಬದಲಾದದ್ದರಿಂದ ಎಂದರು ಕೆಲವರು, ತಮ್ಮನ್ನು ಕೇಳುವವರಿದ್ದಾರೆಂಬ ಭಾವನೆಯೆಂದರು ಇನ್ನು ಕೆಲವರು. ಆ ಜಗಳ ಅವರಿಗಿರಲಿ. ನನ್ನ ಗ್ಯಾರೇಜಿನ ಮಟ್ಟಿಗೆ ಕೇಳಿದ್ದರಿಂದಲೇ ದಾರಿ ಕಂಡಿತು.

ನಾವು ಮಾಡಿದ್ದು ಮಹಾ ಸಾಹಸವೇನಲ್ಲ. ಬೀಗದ ಕೈ ಮೇಸ್ತ್ರಿಗಳ ಬಳಿ ಹೋಯಿತು. ಇನ್ನೊಂದು ಜ್ಯಾಕು ಬಂತು. ನಾಳೆಗೆ ಬೇಕಾದ ಬಿಡಿಭಾಗಗಳ ಪಟ್ಟಿ ಇಂದು ಸಂಜೆಯೇ ಸಿದ್ಧವಾಗತೊಡಗಿತು. ಚೀಟಿಯನ್ನು ಗಿರಾಕಿಗೆ ಓದಿ ಹೇಳಿದ ಮೇಲೆಯೇ ಸ್ಪ್ಯಾನರು ಹಿಡಿಯುವುದು ಎಂದಾಯಿತು. ಸೇತುವೆ ದಾಟಿ ಬರುವವರು ಅರ್ಧ ಗಂಟೆ ತಡವಾಗಿ ಬಂದು ಅರ್ಧ ಗಂಟೆ ತಡವಾಗಿ ಹೋಗಲು ಒಪ್ಪಿದರು. ಸಂಜೆ ತಡವಾಗಿ ಬರುವ ಗಿರಾಕಿಗಳಿಗೂ ಅದರಿಂದ ಅನುಕೂಲವೇ ಆಯಿತು. ಒಂದು ಕೆಲಸ ಮುಗಿಯದೆ ಯಾರನ್ನೂ ಇನ್ನೊಂದಕ್ಕೆ ಕರೆಯಬಾರದು ಎಂಬ ಕಟ್ಟಳೆಯನ್ನು ನನಗೇ ಹಾಕಿಕೊಂಡೆ. ಪಾಲಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಇದೇ! ಅದೇ ಏಳು ಮಂದಿ, ಅದೇ ಗಂಟೆಗಳು. ಸಂಜೆಗೆಂದು ಮಾತು ಕೊಟ್ಟ ಗಾಡಿ ಸಂಜೆಗೇ ಹೊರಡತೊಡಗಿತು.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಉಳಿದ ಹೊತ್ತನ್ನೆಲ್ಲ ಮತ್ತಷ್ಟು ಕೆಲಸದಿಂದ ತುಂಬುವ ಆಸೆ ಯಜಮಾನನಿಗೆ ಸಹಜ. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದು, 5 ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸದೆ ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕೆಂದು ಹೇಳಿತ್ತು. ಅದು ಬರಿಯ ದಯೆಯಲ್ಲ. ದಣಿದ ಕೈ ತಪ್ಪು ಮಾಡುತ್ತದೆ. ತಪ್ಪಿದ ಕೆಲಸವನ್ನು ಎರಡು ಸಲ ಮಾಡಬೇಕು. ಎರಡನೆಯದು, ಹೆಚ್ಚಿದ ಆದಾಯದಲ್ಲಿ ಹೆಚ್ಚಿಸಿದವರಿಗೂ ಪಾಲಿರಬೇಕು. ಪಾಲಿಲ್ಲದ ಕಡೆ ಸಲಹೆ ಹುಟ್ಟುವುದಿಲ್ಲ. ನೋಟುಪುಸ್ತಕದಲ್ಲಿ ನಿಜವನ್ನು ಬರೆಯುವವರೂ ಇರುವುದಿಲ್ಲ.

ನಿಮ್ಮದು ಅಂಗಡಿಯಾಗಿರಬಹುದು, ಅಚ್ಚುಕೂಟವಾಗಿರಬಹುದು, ಕಚೇರಿಯಾಗಿರಬಹುದು. ನಾಳೆಯೇ ಒಂದು ನೋಟುಪುಸ್ತಕ ಕೊಳ್ಳಿ. ಯಾರು ನಿಂತರು ಎಂದು ಬರೆಯಿಸಬೇಡಿ. ಏಕೆ ನಿಂತರು ಎಂದು ಬರೆಯಿಸಿ. ಆರು ದಿನ ಕಳೆದ ಮೇಲೆ ಒಬ್ಬರೇ ಕುಳಿತು ಓದಿ. ನಿಮ್ಮ ಹೆಸರು ಎಷ್ಟು ಸಲ ಬಂದಿದೆಯೆಂದು ಎಣಿಸಿ.

ತೊಕ್ಕೊಟ್ಟಿನ ಹುಡುಗನ ಅರ್ಧ ದಿನದ ಸಂಬಳವನ್ನು ಮುಂದಿನ ಶನಿವಾರ ಹಿಂದಕ್ಕೆ ಕೊಟ್ಟೆ. ಅವನು ಎಣಿಸಿ ಕಿಸೆಯಲ್ಲಿಟ್ಟುಕೊಂಡು, "ನಾಳಿದ್ದು ಆ ಗೇರ್‌ಬಾಕ್ಸಿನ ಸಾಮಾನು ಇಂದೇ ತರಿಸಿಬಿಡಿ ಧಣಿಗಳೇ, ಇಲ್ಲದಿದ್ದರೆ ಸೋಮವಾರ ಮತ್ತೆ ನಿಲ್ಲುತ್ತೇವೆ" ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲನೆಯ ಸಲಹೆ ಅದು.