ವೈದ್ಯನೂ ವಿದ್ಯಾರ್ಥಿಯೇ
(ತುರ್ಭೆಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕೇಳುವುದು ವಾಡಿಕೆ. ಅದನ್ನು ಹೇಳಲು ನಮಗಿಂತ ಸಮರ್ಥರು ಇಲ್ಲಿದ್ದಾರೆ. ತುರ್ಭೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಜನರ ನಾಡಿ ಹಿಡಿದು ಬದುಕುತ್ತಿರುವ ನಾವು ನಮ್ಮ ಕಸುಬಿನ ಒಂದು ಮಾತನ್ನೇ ತಮ್ಮ ಮುಂದಿಡುತ್ತೇವೆ. ಪದವಿ ಪಡೆದ ಮೇಲೆ ವೈದ್ಯರು ಮತ್ತೆ ಹೇಗೆ ಓದಬೇಕು, ಆ ಓದಿಗಾಗಿ ಏರ್ಪಟ್ಟಿರುವ ಆನ್‌ಲೈನ್ ಪಾಠಶಾಲೆಗಳು ಹೇಗೆ ಹೊಸದಾಗಬೇಕು ಎಂಬುದೇ ಆ ಮಾತು. ಇದು ಡಾಕ್ಟರುಗಳ ಮನೆಯ ವಿಚಾರ, ನಮಗೇಕೆ ಎಂದು ತಾವು ಕೇಳಬಹುದು. ಔಷಧವನ್ನು ಬರೆಯುವವರು ನಾವಾದರೂ ನುಂಗುವವರು ತಾವು. ಆದಕಾರಣ ಇದು ತಮ್ಮ ವಿಚಾರವೇ ಸರಿ.

ಬಳಸದ ಕುಡುಗೋಲು ತುಕ್ಕು ಹಿಡಿಯುತ್ತದೆ. ವೈದ್ಯವಿದ್ಯೆಯ ಗತಿ ಇನ್ನೂ ವಿಚಿತ್ರ. ದಿನವೂ ಬಳಸುತ್ತಿದ್ದರೂ ಅದು ಹಳತಾಗುತ್ತದೆ. ನಾವು ಓದುವ ಕಾಲದಲ್ಲಿ ಕ್ಷಯವನ್ನು ಪತ್ತೆಮಾಡಲು ಕಫವನ್ನು ಸೂಕ್ಷ್ಮದರ್ಶಕದಡಿ ನೋಡುವುದೇ ಮುಖ್ಯ ಪರೀಕ್ಷೆಯಾಗಿತ್ತು. ಇಂದು ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವು ಕೆಲವೇ ಗಂಟೆಗಳಲ್ಲಿ ರೋಗಾಣುವನ್ನು ಹಿಡಿದುಕೊಡುತ್ತದೆ. ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನೂ ತಿಳಿಸುತ್ತದೆ. ಅದರ ಹಿಂದೆ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರ ಪರಿಶ್ರಮವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಅದಕ್ಕೆ ಮನ್ನಣೆ ನೀಡಿತು. ಇದನ್ನೆಲ್ಲ ನಮಗೆ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಈ ಕೊರತೆಯನ್ನು ತುಂಬಲೆಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರ ತನ್ನ ನಿಯಮಗಳಲ್ಲಿ, ಪ್ರತಿಯೊಬ್ಬ ವೈದ್ಯನೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪಡೆಯಬೇಕೆಂದು ವಿಧಿಸಿತು. ನೋಂದಣಿಯ ನವೀಕರಣಕ್ಕೆ ಹೋದಾಗ ಈ ಅಂಕಗಳ ಲೆಕ್ಕವನ್ನು ಒಪ್ಪಿಸಬೇಕು. ಮೊದಲು ಹೋಟೆಲಿನ ಸಭಾಂಗಣಗಳಲ್ಲಿ ಉಪನ್ಯಾಸಗಳು ನಡೆಯುತ್ತಿದ್ದವು. ಅನಂತರ ಪಾಠಗಳು ಕಂಪ್ಯೂಟರಿಗೂ ಮೊಬೈಲಿಗೂ ಬಂದವು. 2020ರ ಮಹಾಮಾರಿಯ ಕಾಲದಲ್ಲಂತೂ ಬೇರೆ ದಾರಿಯೇ ಇರಲಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಇಂಡಿಯ ಕಡೆಯ ಒಬ್ಬ ತಾಯಿ ನಮ್ಮ ದವಾಖಾನೆಗೆ ಬಂದರು. ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಮೂರು ವಾರದ ಕೆಮ್ಮು. ಈರುಳ್ಳಿಯ ಧೂಳು ಎಂದು ಬಗೆದು ನಾವು ಲೆವೊಫ್ಲಾಕ್ಸಾಸಿನ್ ಗುಳಿಗೆಗಳನ್ನು ಬರೆದೆವು. ಕೆಮ್ಮು ತಗ್ಗಿತು. ತಿಂಗಳಲ್ಲಿ ಮತ್ತೆ ಬಂದರು. ಮತ್ತೆ ಅದನ್ನೇ ಬರೆದೆವು. ಮೂರನೆಯ ಸಲ ಬಂದಾಗ ಆಕೆಯ ಕುಪ್ಪಸ ಸಡಿಲವಾಗಿತ್ತು. ಆಗ ಕಫ ಪರೀಕ್ಷೆಗೆ ಕಳಿಸಿದೆವು. ಕ್ಷಯ! ಅಷ್ಟರಲ್ಲಿ ಮನೆಯಲ್ಲಿದ್ದ ನಾಲ್ಕು ವರ್ಷದ ಮೊಮ್ಮಗನಿಗೂ ಅದು ತಗುಲಿತ್ತು.

ಆ ಜಾತಿಯ ಔಷಧ ಕ್ಷಯದ ರೋಗಾಣುವನ್ನು ಕೊಂಚ ಅದುಮುತ್ತದೆ, ಗುಣಪಡಿಸುವುದಿಲ್ಲ. ಹಾಗಾಗಿ ರೋಗ ಮರೆಯಲ್ಲಿ ಬೆಳೆಯುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆಯಾಗಬೇಕು. ಇದು ನಮಗೆ ತಿಳಿಯದ ಸಂಗತಿಯೆ? ಆ ರಾತ್ರಿ ಹಳೆಯ ಕಡತವನ್ನು ತೆಗೆದು ನೋಡಿದಾಗ, ಇದೇ ವಿಷಯದ ಆನ್‌ಲೈನ್ ಪಾಠವೊಂದನ್ನು ಮುಗಿಸಿದ್ದಕ್ಕೆ ನಮ್ಮ ಹೆಸರಿನ ಪ್ರಮಾಣಪತ್ರ ಅದರಲ್ಲಿತ್ತು. ಮೊಬೈಲನ್ನು ಮೇಜಿನ ಮೇಲೆ ನಿಲ್ಲಿಸಿ, ಧ್ವನಿಯನ್ನು ತಗ್ಗಿಸಿ, ರೋಗಿಗಳನ್ನು ನೋಡುತ್ತಲೇ ಪಾಠವನ್ನು ಓಡಲು ಬಿಟ್ಟಿದ್ದೆವು. ಕೊನೆಯ ಪ್ರಶ್ನೆಗಳಿಗೆ ತಪ್ಪು ಉತ್ತರ ಒತ್ತಿದರೆ ಸರಿಯಾಗುವ ತನಕ ಮತ್ತೆ ಮತ್ತೆ ಒತ್ತಬಹುದಿತ್ತು. ಅಂಕ ಬಂದಿತ್ತು, ಅರಿವು ಬಂದಿರಲಿಲ್ಲ. ಅಜ್ಜಿ ಮೊಮ್ಮಗ ಇಬ್ಬರೂ ಗುಣವಾದರು. ಆ ಪ್ರಮಾಣಪತ್ರ ಮಾತ್ರ ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ತಪ್ಪು ನಮ್ಮದೇ. ಆದರೆ ಆ ಪಾಠಶಾಲೆಯ ರಚನೆಯೂ ತಪ್ಪಿಗೆ ಬಾಗಿಲು ತೆರೆದಿಟ್ಟಿತ್ತು. ಇಂಥ ಪಾಠಶಾಲೆಗಳನ್ನು ಆಧುನಿಕಗೊಳಿಸುತ್ತೇವೆಂದು ಹೊರಟವರು ಬಣ್ಣ ಬದಲಿಸಿ, ಹೊಸ ಚಿತ್ರಗಳನ್ನು ತೂಗುಹಾಕಿದರೆ ಸಾಲದು. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದರೆ ಮನೆ ನಿಂತೀತೆ?

ಒಳ್ಳೆಯ ಮಾದರಿಗಳು ಇಲ್ಲದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಯಕೃತ್ತಿನ ತಜ್ಞರಾದ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಎಕೋ ಎಂಬ ಯೋಜನೆಯನ್ನು ಆರಂಭಿಸಿದರು. ದೂರದ ಊರುಗಳ ಸಾಮಾನ್ಯ ವೈದ್ಯರು ವಾರಕ್ಕೊಮ್ಮೆ ಪರದೆಯ ಮುಂದೆ ಸೇರಿ, ಹೆಸರು ಮರೆಮಾಡಿ ತಮ್ಮ ರೋಗಿಗಳ ಸಂಗತಿಯನ್ನು ವಿವರಿಸುತ್ತಾರೆ. ತಜ್ಞರೂ ಸಹವೈದ್ಯರೂ ಕೂಡಿ ಚರ್ಚಿಸುತ್ತಾರೆ. ಹೆಪಟೈಟಿಸ್ ಸಿ ರೋಗದ 407 ಜನರ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನೂರಕ್ಕೆ 57.5 ಮಂದಿ ಗುಣವಾದರೆ, ಈ ಹಳ್ಳಿವೈದ್ಯರ ಕೈಯಲ್ಲಿ 58.2 ಮಂದಿ ಗುಣವಾಗಿದ್ದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇದೇ ಪದ್ಧತಿಯನ್ನು ಕೈಗೊಂಡು, 2018ರಲ್ಲಿ ಡಿಜಿಟಲ್ ಅಕಾಡೆಮಿಯನ್ನು ತೆರೆದು, ಮನೋರೋಗಗಳ ಚಿಕಿತ್ಸೆಯನ್ನು ದೂರದ ವೈದ್ಯರಿಗೆ ಕಲಿಸುತ್ತಿದೆ.

ಇವುಗಳಿಂದ ನಾವು ತಿಳಿಯಬೇಕಾದ ಅಂಶಗಳು ಕೆಲವುಂಟು. ಒಂದು ಗಂಟೆಯ ಉಪನ್ಯಾಸಕ್ಕಿಂತ ಹತ್ತು ನಿಮಿಷದ ಪಾಠಗಳು ಮೇಲು. ಸಿಗ್ನಲ್ ಸಿಕ್ಕದ ಗಲ್ಲಿಯಲ್ಲೂ ನೋಡುವಂತೆ ಅವನ್ನು ಮೊದಲೇ ಮೊಬೈಲಿಗೆ ಇಳಿಸಿಕೊಳ್ಳುವಂತಿರಬೇಕು. ವ್ಯಾಖ್ಯೆಗಳನ್ನು ಕೇಳುವುದಕ್ಕಿಂತ ಒಬ್ಬ ರೋಗಿಯನ್ನೇ ಮುಂದೆ ನಿಲ್ಲಿಸಿ, ಈಗ ಏನು ಮಾಡುವಿರಿ ಎಂದು ಕೇಳಬೇಕು. ವಾರ ಕಳೆದು, ತಿಂಗಳು ಕಳೆದು ಅದೇ ಪ್ರಶ್ನೆ ಬೇರೆ ವೇಷದಲ್ಲಿ ಮರಳಿ ಬರಬೇಕು. ಮರೆವಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಪಾಠದ ಖರ್ಚನ್ನು ಔಷಧ ಕಂಪನಿ ಕೊಟ್ಟಿದ್ದರೆ ಅದನ್ನು ಮೊದಲ ಪುಟದಲ್ಲೇ ಹೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕುಳಿತ ಗಂಟೆಗಳನ್ನಲ್ಲ, ವೈದ್ಯನ ಚೀಟಿಯಲ್ಲಿ ಆದ ಬದಲಾವಣೆಯನ್ನು ಎಣಿಸಬೇಕು. ಪಾಠಕ್ಕೆ ಮೊದಲು ಹತ್ತು ಕೆಮ್ಮಿನ ರೋಗಿಗಳಲ್ಲಿ ಎಷ್ಟು ಮಂದಿಯನ್ನು ಕಫ ಪರೀಕ್ಷೆಗೆ ಕಳಿಸಿದ್ದಿರಿ, ಅನಂತರ ಎಷ್ಟು ಮಂದಿಯನ್ನು? ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ನಾವು ಅಂದೇ ನಾಚಿ ತಿದ್ದಿಕೊಳ್ಳುತ್ತಿದ್ದೆವು.

ಇನ್ನು ಭಾಷೆಯ ಮಾತು. ಕಲ್ಲುಕ್ವಾರಿಗಳಲ್ಲಿ, ಮಾರ್ಕೆಟ್ಟಿನಲ್ಲಿ, ಕಾರ್ಖಾನೆಗಳಲ್ಲಿ ದುಡಿಯಲು ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯಿಂದ ಬಂದ ನಮ್ಮವರು ಇಲ್ಲಿದ್ದಾರೆ. "ಎದಿಯಾಗ ಹಿಡದಂಗ ಆಗತೈತ್ರಿ", "ದಮ್ಮ ಹತ್ತತೈತ್ರಿ" ಎಂದು ಅವರು ಹೇಳಿದಾಗ, ಮರಾಠಿ ಅಥವಾ ಹಿಂದಿ ಮಾತ್ರ ಬಲ್ಲ ತರುಣ ವೈದ್ಯನಿಗೆ ಅರ್ಧ ರೋಗ ಅಲ್ಲಿಯೇ ಕೈತಪ್ಪುತ್ತದೆ. ಅವನು ಒಳ್ಳೆಯವನೇ; ಆದರೆ ಆ ನುಡಿಗಳನ್ನು ಅವನಿಗೆ ಯಾವ ಪಾಠಶಾಲೆ ಕಲಿಸಿದೆ?

ಆ ಕೆಲಸ ನಮ್ಮದು, ಮಹನೀಯರೇ. ನಮ್ಮ ಹಿರಿಯರು ಮತ್ತು ದುಡಿಯುವ ತಾಯಂದಿರು ತಮ್ಮ ಬ್ಯಾನಿಗಳನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಆ ಮಾತುಗಳನ್ನು ಅವರ ಧ್ವನಿಯಲ್ಲೇ ಮುದ್ರಿಸಿಕೊಳ್ಳೋಣ. ಶಾಲೆ ಕಾಲೇಜಿನ ಮಕ್ಕಳು ಅವುಗಳ ಮರಾಠಿ ಅರ್ಥವನ್ನು ಬರೆಯಲಿ. ನಮ್ಮೊಳಗಿನ ವೈದ್ಯರು ತಿದ್ದಲಿ. ಗುಳಿಗೆ ಯಾವಾಗ, ಎಷ್ಟು ದಿನ, ನಡುವೆ ಏಕೆ ಬಿಡಬಾರದು ಎಂಬುದನ್ನು ತಿಳಿಗನ್ನಡದಲ್ಲಿ ಹೇಳಿಡೋಣ. ಬಳಿಕ ಇಲ್ಲಿಯ ವೈದ್ಯರ ಸಂಘಗಳಿಗೂ ಕಲಿಸುವ ಸಂಸ್ಥೆಗಳಿಗೂ ಅದನ್ನು ಉಚಿತವಾಗಿ ಒಪ್ಪಿಸೋಣ. ಇದಕ್ಕೆ ಬೇಕಾದದ್ದು ಕೆಲವು ಭಾನುವಾರಗಳು ಮಾತ್ರ.

1956ರ ನವೆಂಬರ್ 1ರಂದು ಹರಿದು ಹಂಚಿಹೋದ ನಾಡು ಒಂದಾಯಿತು. ನಾಡಿನ ಗೆರೆಯ ಹೊರಗೆ ಬದುಕುವ ನಾವು ಆ ದಿನವನ್ನು ಬಾವುಟವೇರಿಸಿ ಆಚರಿಸುತ್ತೇವೆ, ಅದು ಉಚಿತವೇ. ಆದರೆ ಮುಂದಿನ ವರ್ಷದ ಈ ಹೊತ್ತಿಗೆ, ಇಂಡಿಯ ಇನ್ನೊಬ್ಬ ತಾಯಿ ಯಾವುದೋ ದವಾಖಾನೆಯ ಬೆಂಚಿನ ಮೇಲೆ ಕುಳಿತು ತನ್ನ ಮಾತಿನಲ್ಲಿಯೇ ಕೆಮ್ಮಿನ ಕಥೆ ಹೇಳಿದಾಗ, ಎದುರಿಗಿರುವ ವೈದ್ಯ ಅದನ್ನು ತಿಳಿದು ಮೊದಲ ದಿನವೇ ಕಫ ಪರೀಕ್ಷೆಗೆ ಚೀಟಿ ಬರೆದರೆ, ನಮ್ಮ ಉತ್ಸವ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.