ಕೋಳಿ ಯಾಕೆ ಮೇವು ಬಿಟ್ಟಿತು?



ನಾವು ಸಾರಕ್ಕಿ ಕಡೆಯ ಹೆಣ್ಣುಮಕ್ಕಳು. ಜಯನಗರ, ಜೆ.ಪಿ. ನಗರ, ಬನಶಂಕರಿ ಈಗ ದೊಡ್ಡ ಬಡಾವಣೆಗಳು. ಆದರೆ ಇವುಗಳ ನಡುವೆ ಸಾರಕ್ಕಿ, ಜರಗನಹಳ್ಳಿ, ಯಡಿಯೂರು, ಕದಿರೇನಹಳ್ಳಿಯಂಥ ಹಳೇ ಊರುಗಳಿವೆ. ಅಲ್ಲಿ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವವರು ಇವತ್ತಿಗೂ ಇದ್ದಾರೆ. ನಾವೂ ಸಾಕುತ್ತೇವೆ. ಮೊಟ್ಟೆ ಮಾರಿದ ದುಡ್ಡು ನಮ್ಮ ಕೈಯ ದುಡ್ಡು. ಮಗುವಿನ ಪುಸ್ತಕಕ್ಕೆ, ಔಷಧಿಗೆ ಯಾರ ಮುಂದೂ ಕೈ ಚಾಚಬೇಕಿಲ್ಲ.

ಒಂದು ವರ್ಷ ನಮ್ಮ ಹಿತ್ತಲಲ್ಲಿ ಹನ್ನೊಂದು ಕೋಳಿ ಇದ್ದವು. ಒಂದು ದಿನ ಒಂದು ಹ್ಯಾಟೆ ಮೇವು ಮುಟ್ಟಲಿಲ್ಲ. ರಾಗಿ ಹಾಕಿದೆವು, ಅನ್ನ ಹಾಕಿದೆವು. ಮೂಲೆಯಲ್ಲಿ ಪುಕ್ಕ ಕೆದರಿಕೊಂಡು ತೂಕಡಿಸುತ್ತಿತ್ತು.

"ದೃಷ್ಟಿ ತಾಗಿದೆ ಕಣಮ್ಮ" ಅಂದರು ಅತ್ತೆ. ಮೆಣಸಿನಕಾಯಿ ನಿವಾಳಿಸಿದೆವು.

"ಸಾಯೋಕೆ ಮುಂಚೆ ಮಾರಿಬಿಡ್ರಮ್ಮ" ಅಂದರು ಪಕ್ಕದ ಮನೆಯವರು. ನಾವು ಮಾರಲಿಲ್ಲ. ಆದರೆ ಅದನ್ನು ಬೇರೆ ಇಡಲೂ ಇಲ್ಲ. ಸುಮ್ಮನೆ ಕಾದೆವು.

ನಾಲ್ಕನೇ ದಿನ ಉಳಿದವೂ ಮೇವು ಬಿಟ್ಟವು. ಹಸಿರು ಬೇಧಿ. ಬಾಯಿ ತೆರೆದು ಉಸಿರಾಟ. ಕೆಲವಕ್ಕೆ ಕತ್ತು ತಿರುಚಿಕೊಂಡಿತು. ವಾರದೊಳಗೆ ಒಂಬತ್ತು ಸತ್ತವು. ಪಶುವೈದ್ಯರು ನೋಡಿ, "ಇದು ಕೊಕ್ಕರೆ ರೋಗ. ರಾಣಿಕೇತ್ ಅಂತಲೂ ಹೇಳ್ತಾರೆ. ಬಂದ ಮೇಲೆ ಔಷಧಿ ಇಲ್ಲ. ಬರೋಕೆ ಮುಂಚೆ ಲಸಿಕೆ ಹಾಕಿಸಬೇಕಿತ್ತು" ಅಂದರು. "ಮೇವು ಬಿಟ್ಟು ಎಷ್ಟು ದಿನ ಆಯ್ತು? ಲಸಿಕೆ ಯಾವಾಗ ಹಾಕಿಸಿದ್ರಿ?" ಅಂತ ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ.

ಕಾರಣ ಇಲ್ಲದೆ ಕೋಳಿ ಮೇವು ಬಿಟ್ಟಿತು ಅಂತ ನಾವು ಹೇಳುತ್ತಿದ್ದೆವು. ಕಾರಣ ಇತ್ತು. ನಾವು ನೋಡಿರಲಿಲ್ಲ.

ಈಗ ಏನೇನು ನೋಡುತ್ತೇವೆ ಅಂತ ಹೇಳುತ್ತೇವೆ, ಕೇಳಿ.

ಮೊದಲು ನೀರು ನೋಡಿ. ಒಂದು ಕೋಳಿಗೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಬೇಕು. ನೀರಿಲ್ಲದಿದ್ದರೆ ಮೇವೂ ತಿನ್ನುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಬಿಸಿಲು ಬಂದಿತ್ತು. ಅಂಥ ದಿನ ಕೋಳಿ ರೆಕ್ಕೆ ಅಗಲಿಸಿ, ಬಾಯಿ ತೆರೆದು ನಿಲ್ಲುತ್ತದೆ. ನೆರಳು ಮಾಡಿ. ತಣ್ಣೀರು ಇಡಿ. ಮೇವನ್ನು ಬೆಳಗಿನ ಜಾವ, ಸಂಜೆ ಹಾಕಿ.

ಆಮೇಲೆ ಮೇವು ನೋಡಿ. ಬೂಷ್ಟು ಹಿಡಿದ ಜೋಳ ವಿಷ. ಅದನ್ನು ಎಸೆಯಿರಿ.

ಹ್ಯಾಟೆ ಕಾವಿಗೆ ಕೂತಿದೆಯೇ? ಹಾಗಿದ್ದರೆ ಭಯ ಬೇಡ. 21 ದಿನ ಅದು ಕಡಿಮೆಯೇ ತಿನ್ನುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಕತ್ತಿನ ಕೆಳಗೆ ಮುಟ್ಟಿ ನೋಡಿ. ಅಲ್ಲಿ ಕಾಳು ಕೂಡುವ ಚೀಲ ಇದೆ. ರಾತ್ರಿ ತುಂಬಿದ್ದು ಬೆಳಿಗ್ಗೆಗೆ ಬರಿದಾಗಬೇಕು. ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ನಮ್ಮ ಬೀದಿಗಳಲ್ಲಿ ಪ್ಲಾಸ್ಟಿಕ್, ದಾರ ಬಿದ್ದಿರುತ್ತೆ. ಕೋಳಿ ನುಂಗುತ್ತೆ. ಪಶು ಆಸ್ಪತ್ರೆಗೆ ಒಯ್ಯಿರಿ.

ಪುಕ್ಕ ಸರಿಸಿ ಹೇನು ನೋಡಿ. ಹಿಕ್ಕೆ ನೋಡಿ. ಹಸಿರು ಬೇಧಿಯೇ? ರಕ್ತ ಇದೆಯೇ? ಹುಳು ಇದೆಯೇ?

ಮೇವು ಬಿಟ್ಟ ಕೋಳಿಯನ್ನು ಅವತ್ತೇ ಬೇರೆ ಇಡಿ. ಮಂಕರಿ ಕವುಚಿ ದೂರ ಇಟ್ಟರೂ ಸಾಕು. ಅದಕ್ಕೆ ಕೊನೆಯಲ್ಲಿ ಮೇವು ಹಾಕಿ, ಕೈ ಸೋಪು ಹಾಕಿ ತೊಳೆಯಿರಿ. ಕಾಯಿಲೆ ಕೋಳಿ ಮಾರಬೇಡಿ, ಕೊಯ್ಯಬೇಡಿ. ನಾವು ಮಾರಿದ ಕೋಳಿ ಇನ್ನೊಬ್ಬ ಅಕ್ಕನ ಹಿತ್ತಲು ಖಾಲಿ ಮಾಡುತ್ತದೆ.

ಒಮ್ಮೆಗೇ ಹಲವು ಸತ್ತರೆ ಮುಟ್ಟಬೇಡಿ. ಹಕ್ಕಿ ಜ್ವರವೂ ಇರಬಹುದು. 2012ರಲ್ಲಿ ನಮ್ಮ ಹೆಸರಘಟ್ಟದಲ್ಲೇ ಬಂದಿತ್ತು. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಕೊಕ್ಕರೆ ರೋಗದ ಲಸಿಕೆಯನ್ನು ನಮ್ಮ ಹೆಬ್ಬಾಳದ ಸರಕಾರಿ ಸಂಸ್ಥೆಯಲ್ಲೇ ತಯಾರು ಮಾಡುತ್ತಾರೆ. ಮರಿಗೆ ಒಂದು ವಾರ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು. ಮುಂದಿನದನ್ನು ವೈದ್ಯರು ಹೇಳುತ್ತಾರೆ. ಒಂದು ಸೀಸೆ ಲಸಿಕೆ ನೂರು, ಇನ್ನೂರು ಕೋಳಿಗೆ ಆಗುತ್ತದೆ. ಕಲಸಿದ ಮೇಲೆ ಬೇಗ ಮುಗಿಸಬೇಕು. ಆದ್ದರಿಂದ ಒಬ್ಬರೇ ಹೋಗಬೇಡಿ. ಬೀದಿಯವರೆಲ್ಲ ಸೇರಿ ಒಂದೇ ದಿನ ಹಾಕಿಸಿ. ನಾವು ಈಗ ಹಾಗೇ ಮಾಡುತ್ತೇವೆ.

ಕೊನೆಯ ಮಾತು. ಈಗ ನಮಗೆ ಓದು ಬರಹ ಬರುತ್ತದೆ. ಒಂದು ನೋಟ್ ಬುಕ್ಕು ಇಡಿ. ಲಸಿಕೆ ಹಾಕಿಸಿದ ತಾರೀಖು ಬರೆಯಿರಿ. ಯಾವ ಕೋಳಿ, ಯಾವ ದಿನ ಮೇವು ಬಿಟ್ಟಿತು, ಹಿಕ್ಕೆ ಯಾವ ಬಣ್ಣ, ಅದನ್ನೂ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ನಾಳೆ ವೈದ್ಯರು ಕೇಳಿದಾಗ ನಾವು ನಿಂತ ಹಾಗೆ ನೀವು ತಲೆ ತಗ್ಗಿಸಿ ನಿಲ್ಲಬೇಕಿಲ್ಲ. ಪುಸ್ತಕ ತೆಗೆದು ಓದಿ ಹೇಳಬಹುದು.