ನಿಂಬೆಯ ಹುಳಿ: ಗುಣ, ಉಪಯೋಗ ಮತ್ತು ಎಚ್ಚರಿಕೆ

(ಬೀದರ ನಗರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ದಂಪತಿಗಳಿಗಾಗಿ ವೈದ್ಯಾಧಿಕಾರಿಯ ಭಾಷಣ)



ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ ಮತ್ತು ಒಂದಿಷ್ಟು ಉಪ್ಪಿನಕಾಯಿ ನಮ್ಮ ಭಾಗದ ನಿತ್ಯದ ಊಟ. ಈ ಊಟದಲ್ಲಿ ಹುಳಿಗೆ ವಿಶೇಷ ಸ್ಥಾನವಿದೆ. ಹುಳಿಯು ಕೇವಲ ನಾಲಗೆಯ ರುಚಿಗಾಗಿ ಇರುವುದಲ್ಲ. ಸರಿಯಾಗಿ ಬಳಸಿದಲ್ಲಿ ಅದು ಆಹಾರವನ್ನೂ ಆರೋಗ್ಯವನ್ನೂ ಕಾಯುತ್ತದೆ. ತಪ್ಪಾದ ಪಾತ್ರೆಯಲ್ಲಿ, ತಪ್ಪಾದ ಪ್ರಮಾಣದಲ್ಲಿ ಅಥವಾ ತಪ್ಪಾದ ಸ್ಥಳದಲ್ಲಿ ಬಳಸಿದಲ್ಲಿ ಹಾನಿಯನ್ನುಂಟುಮಾಡುತ್ತದೆ. ಆದುದರಿಂದ ನಿಂಬೆಯ ಹುಳಿಯನ್ನು ಕುರಿತು ಕೆಲವು ಮಾತುಗಳನ್ನು ತಿಳಿಸಬಯಸುತ್ತೇನೆ.

ನಿಂಬೆಯ ಹುಳಿ ಎಂದರೇನು?

ನಿಂಬೆಹಣ್ಣಿನ ಹುಳಿಗೆ ಮುಖ್ಯ ಕಾರಣವಾದ ವಸ್ತುವಿಗೆ ಸಿಟ್ರಿಕ್ ಆಮ್ಲವೆಂದು ಹೆಸರು. ನೂರು ಭಾಗ ನಿಂಬೆರಸದಲ್ಲಿ ಸುಮಾರು 5ರಿಂದ 6 ಭಾಗ ಈ ಆಮ್ಲವಿರುತ್ತದೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ಎಂಬವರು 1784ರಲ್ಲಿ ಇದನ್ನು ನಿಂಬೆರಸದಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಒಂದು ಬಗೆಯ ಕಪ್ಪು ಬೂಷ್ಟು ಸಕ್ಕರೆಯನ್ನು ಇದೇ ಆಮ್ಲವನ್ನಾಗಿ ಮಾರ್ಪಡಿಸಬಲ್ಲದೆಂಬುದನ್ನು 1917ರಲ್ಲಿ ಅಮೆರಿಕದ ಜೇಮ್ಸ್ ಕರೀ ಎಂಬವರು ತೋರಿಸಿಕೊಟ್ಟರು. ಇಂದು ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಥವಾ ನಿಂಬೂ ಸತ್ ಎಂದು ದೊರೆಯುವ ಬಿಳಿ ಹರಳು ಬಹುಮಟ್ಟಿಗೆ ಈ ವಿಧಾನದಿಂದಲೇ ತಯಾರಾದುದು. ಆಹಾರದ ಪೊಟ್ಟಣಗಳ ಮೇಲೆ 330 ಎಂಬ ಸಂಖ್ಯೆ ಇದನ್ನೇ ಸೂಚಿಸುತ್ತದೆ.

ಆಹಾರವನ್ನು ಅದು ಹೇಗೆ ಕಾಯುತ್ತದೆ?

ಆಹಾರವನ್ನು ಕೆಡಿಸುವ ಅನೇಕ ರೋಗಾಣುಗಳು ಹುಳಿಯಲ್ಲಿ ಬೆಳೆಯಲಾರವು. ಉಪ್ಪಿನಕಾಯಿಯಲ್ಲಿ ಹುಳಿಯೊಡನೆ ಉಪ್ಪು ಮತ್ತು ಎಣ್ಣೆಯೂ ಸೇರುವುದರಿಂದ ಅದು ವರ್ಷಪೂರ್ತಿ ಬಾಳುತ್ತದೆ. ಆದರೆ ಹುಳಿಯಲ್ಲಿಯೂ ಬೂಷ್ಟು ಬೆಳೆಯಬಲ್ಲದು. ಒದ್ದೆ ಚಮಚ ತಾಗಿಸಬಾರದು. ಬೂಷ್ಟು ಬಂದ ಉಪ್ಪಿನಕಾಯಿಯ ಮೇಲ್ಪದರವನ್ನಷ್ಟೇ ತೆಗೆದು ಉಳಿದುದನ್ನು ಬಳಸುವುದು ಸರಿಯಲ್ಲ. ನಿಂಬೆರಸ ಹಿಂಡಿದ ಮಾತ್ರಕ್ಕೆ ಅಶುದ್ಧ ನೀರು ಶುದ್ಧವಾಗುವುದಿಲ್ಲ. ನೀರನ್ನು ಕುದಿಸಿಯೇ ಕುಡಿಯಬೇಕು.

ತಾಯಂದಿರಿಗೆ ಉಪಯೋಗ

ರಕ್ತಹೀನತೆಯು ಗರ್ಭಿಣಿಗೂ ಹುಟ್ಟಲಿರುವ ಶಿಶುವಿಗೂ ಅಪಾಯಕಾರಿ. ಜೋಳ, ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣಾಂಶವಿದ್ದರೂ ಅದು ಸುಲಭವಾಗಿ ದೇಹಗತವಾಗುವುದಿಲ್ಲ. ತಾಜಾ ನಿಂಬೆರಸದಲ್ಲಿರುವ ಸಿ ಜೀವಸತ್ತ್ವವು ಈ ಕಾರ್ಯಕ್ಕೆ ನೆರವಾಗುತ್ತದೆ. ಅದು ಬೇಯಿಸಿದರೆ ನಷ್ಟವಾಗುವುದರಿಂದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆ ಹಿಂಡಬೇಕು. ಅಂಗಡಿಯ ನಿಂಬೆ ಉಪ್ಪಿನಲ್ಲಿ ಹುಳಿಯುಂಟು, ಸಿ ಜೀವಸತ್ತ್ವವಿಲ್ಲ. ಅದು ಹಣ್ಣಿಗೆ ಬದಲಿಯಾಗಲಾರದು.

ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆಯನ್ನು ಕನಿಷ್ಠ 180 ದಿನ ಸೇವಿಸಬೇಕು. ಹೆರಿಗೆಯ ನಂತರವೂ 180 ದಿನ ಮುಂದುವರಿಸಬೇಕು. ಈ ಮಾತ್ರೆಯನ್ನು ನಿಂಬೆಯ ಪಾನಕದೊಡನೆ ತೆಗೆದುಕೊಳ್ಳಬಹುದು. ಚಹಾದೊಡನೆ ಮಾತ್ರ ಕೂಡದು. ನಿಂಬೆಯೇ ಮಾತ್ರೆಯ ಕೆಲಸ ಮಾಡೀತೆಂದು ಮಾತ್ರೆಯನ್ನು ಬಿಡಬಾರದು. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲೊಂದೇ ಸಾಕು. ನಿಂಬೆರಸದ ಹನಿಯನ್ನೂ ಹಾಕಬಾರದು.

ಪಾತ್ರೆಯ ವಿಚಾರ

ಹುಳಿಯು ಲೋಹವನ್ನು ಕರಗಿಸುತ್ತದೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಪದಾರ್ಥವನ್ನಿಟ್ಟರೆ ತಾಮ್ರದ ಅಂಶವು ಆಹಾರಕ್ಕಿಳಿದು ವಾಂತಿ, ಹೊಟ್ಟೆನೋವು ಉಂಟಾಗಬಹುದು. ಸತುವಿನ ಲೇಪವುಳ್ಳ ತಗಡಿನ ಬಕೆಟ್ಟು, ಡ್ರಮ್ಮುಗಳೂ ಹೀಗೆಯೇ. ಬೇಸಗೆಯ ಮದುವೆಗಳಲ್ಲಿ ಇಂತಹ ಡ್ರಮ್ಮಿನಲ್ಲಿ ನಿಂಬೆ ಶರಬತ್ತು ಕಲಸಿಟ್ಟರೆ ಸತುವು ಕರಗಿ, ಕುಡಿದವರೆಲ್ಲರೂ ವಾಂತಿಯಿಂದ ನರಳುವ ಸಂಭವವಿದೆ. ನಮ್ಮ ಬೀದರಿನ ಹೆಮ್ಮೆಯಾದ ಬಿದರಿ ಕಲೆಯ ಪಾತ್ರೆಗಳೂ ಮುಖ್ಯವಾಗಿ ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದವು. ಅವು ಅಲಂಕಾರಕ್ಕೆ ಯೋಗ್ಯವೇ ಹೊರತು ಉಪ್ಪಿನಕಾಯಿಗಲ್ಲ. ಹುಳಿಗೆ ಗಾಜು, ಪಿಂಗಾಣಿ ಅಥವಾ ಒಳ್ಳೆಯ ಸ್ಟೀಲಿನ ಪಾತ್ರೆಗಳೇ ಉತ್ತಮ.

ಹರಳನ್ನು ಇಡುವ ಬಗೆ

ನಿಂಬೆ ಉಪ್ಪು ನೋಡಲು ಸಕ್ಕರೆಯಂತೆಯೇ ಇರುತ್ತದೆ. ಮುಚ್ಚಳ ಬಿಗಿದು, ಹೆಸರು ಬರೆದು, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಪುಡಿ ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ ಕಾಲು ಗಂಟೆಯವರೆಗೆ ತೊಳೆಯಬೇಕು. ನಿಂಬೆಯನ್ನು ಸದಾ ಚೀಪುವುದರಿಂದ ಹಲ್ಲಿನ ಹೊರಪದರ ಸವೆಯುತ್ತದೆ. ಹುಳಿ ತಿಂದ ಮೇಲೆ ಬಾಯಿ ಮುಕ್ಕಳಿಸುವುದು ಒಳಿತು.

ಪಾಯಿಖಾನೆ ತೊಳೆಯುವ ಆಸಿಡ್ಡು ಬೇರೆಯೇ ವಸ್ತು. ಅದು ಬಾಯಿ, ಗಂಟಲು, ಕರುಳನ್ನು ಸುಡುವ ವಿಷ. ಅದನ್ನು ತಂಪು ಪಾನೀಯದ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಮಗು ಅದನ್ನು ಕುಡಿದರೆ ವಾಂತಿ ಮಾಡಿಸಬಾರದು. ಸುಟ್ಟ ಗಂಟಲು ಮತ್ತೊಮ್ಮೆ ಸುಡುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಿ, ಭಾಲ್ಕಿ ಅಥವಾ ಔರಾದಿನ ತಾಲ್ಲೂಕು ಆಸ್ಪತ್ರೆಗೋ ಬೀದರಿನ ಬ್ರಿಮ್ಸ್ ಆಸ್ಪತ್ರೆಗೋ ಕರೆದೊಯ್ಯಬೇಕು.

ಗಂಡ ಹೆಂಡಿರು ತಿಳಿಯಬೇಕಾದ ಮಾತು

ಸಂಕೋಚದಿಂದ ಯಾರೂ ಕೇಳದ ವಿಷಯವೊಂದುಂಟು. ಗರ್ಭ ನಿಲ್ಲದಿರಲೆಂದು ನಿಂಬೆರಸದಿಂದ ಗುಪ್ತಾಂಗದ ಒಳಭಾಗವನ್ನು ತೊಳೆಯುವ ನಂಬಿಕೆ ಅನೇಕ ದೇಶಗಳಲ್ಲಿದೆ. ಇದು ಗರ್ಭವನ್ನು ತಡೆಯುವುದಿಲ್ಲ. ನಾವು ನೀರು ಹಿಡಿಯುವ ಮೊದಲೇ ವೀರ್ಯಾಣುಗಳು ಗರ್ಭಕೋಶದ ಬಾಯಿಯನ್ನು ದಾಟಿರುತ್ತವೆ. ಮೇಲಾಗಿ ಆ ಹುಳಿಯು ಒಳಗಿನ ಮೃದುವಾದ ಪೊರೆಯನ್ನು ಸುಟ್ಟು ಹುಣ್ಣು ಮಾಡುತ್ತದೆ. ಹುಣ್ಣಿನ ಮೂಲಕ ರೋಗ ಸೋಂಕುವುದು ಸುಲಭ. ನಾಲಗೆಗೆ ಹಿತವಾದುದು ಎಲ್ಲ ಅಂಗಕ್ಕೂ ಹಿತವಲ್ಲ.

ಹೆರಿಗೆಗಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿದ್ದರೆ ತಾಯಿಯ ರಕ್ತ ತುಂಬಿಕೊಳ್ಳುತ್ತದೆ, ಮಗುವಿಗೂ ಸಾಕಷ್ಟು ಹಾಲು ಮತ್ತು ಆರೈಕೆ ದೊರೆಯುತ್ತದೆ. ಇದಕ್ಕಾಗಿ ನಿರೋಧ್, ವಂಕಿ ಅಂದರೆ ಕಾಪರ್-ಟಿ, ಮಾಲಾ-ಎನ್ ಮತ್ತು ಛಾಯಾ ಮಾತ್ರೆಗಳು, ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಮಕ್ಕಳು ಸಾಕೆನಿಸಿದವರಿಗೆ ಶಸ್ತ್ರಚಿಕಿತ್ಸೆಯುಂಟು. ಅದರಲ್ಲಿ ಪುರುಷರದು ಅತಿ ಸರಳವಾದುದು. ಇದು ಹೆಂಡತಿಯೊಬ್ಬಳ ಹೊರೆಯಲ್ಲವೆಂಬುದನ್ನು ಗಂಡಂದಿರು ಮನಗಾಣಬೇಕು. ಯಾವ ವಿಧಾನ ಯಾರಿಗೆ ತಕ್ಕುದೆಂಬುದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆ, ಆರೋಗ್ಯ ಸಹಾಯಕಿ ಅಥವಾ ವೈದ್ಯರನ್ನು ಕೇಳಿ ತಿಳಿಯಿರಿ. ನಿಮ್ಮ ಮಾತು ಗುಟ್ಟಾಗಿಯೇ ಇರುತ್ತದೆ.

ನಿಂಬೆಯು ಊಟದ ತಟ್ಟೆಯಲ್ಲಿರಲಿ, ಉಪ್ಪಿನಕಾಯಿಯು ಪಿಂಗಾಣಿ ಭರಣಿಯಲ್ಲಿರಲಿ, ಕುಟುಂಬ ಯೋಜನೆಯು ದಂಪತಿಗಳಿಬ್ಬರ ಒಮ್ಮತದಲ್ಲಿರಲಿ. ಈ ಪುಸ್ತಿಕೆಯನ್ನು ಓದಬಲ್ಲವರು ಓದಲಾರದ ನೆರೆಯವರಿಗೂ ಓದಿ ಹೇಳಬೇಕೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.